ಸೊಳ್ಳೆಬತ್ತಿಯ ತಗಡು

ಪ್ರತಿ ಡಿಸೆಂಬರಿನಲ್ಲಿ ಅಟ್ಟದಿಂದ ಗೋದಲಿಯ ಪೆಟ್ಟಿಗೆ ಇಳಿಸುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಇಳಿಸುವುದಷ್ಟೇ. ಬಿಚ್ಚುವ, ಒರೆಸುವ, ಜೋಡಿಸುವ ಹಕ್ಕುಗಳೆಲ್ಲ ನನ್ನ ಹೆಂಡತಿ ಫಿಲೋಮಿನಾಳದು. ಗೋದಲಿ ಎಂದರೆ ಗೊತ್ತಲ್ಲ, ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಕ್ರಿಸ್‌ಮಸ್ಸಿಗೆ ಬೊಂಬೆಗಳಲ್ಲಿ ಜೋಡಿಸಿಡುವುದು. ನಮ್ಮದು ಅಂಗಡಿಯಿಂದ ತಂದದ್ದಲ್ಲ. ಚನ್ನಪಟ್ಟಣದಲ್ಲಿ ನಮ್ಮಪ್ಪನ ಸ್ನೇಹಿತರಾಗಿದ್ದ ಸಾಬ್‌ಜಾನ್ ಸಾಹೇಬರು ಮರ ಕಡೆದು, ಅರಗಿನ ಬಣ್ಣ ಹಾಕಿ ಮಾಡಿಕೊಟ್ಟದ್ದು. ಅಪ್ಪ ಚರ್ಚಿನಲ್ಲಿ ಉಪದೇಶಿಯಾಗಿದ್ದರು, ಅಂದರೆ ಮಕ್ಕಳಿಗೆ ಜಪ, ಧರ್ಮಪಾಠ ಹೇಳಿಕೊಡುವವರು. ಅವರು ಕತೆಯನ್ನೆಲ್ಲ ವಿವರವಾಗಿ ಹೇಳಿದ್ದರಂತೆ. ಸಾಹೇಬರು ಪೂರ್ತಿ ಕೇಳಿಸಿಕೊಂಡು, "ಕುರುಬ ತಾನೆ?" ಎಂದು ಕುರುಬನಿಗೆ ಕಂಬಳಿ ಹೊದಿಸಿದರು. ಯೇಸುವಿನ ಸಾಕುತಂದೆ ಜೋಸೆಫರಿಗೆ ಮೈಸೂರು ಪೇಟ ಸುತ್ತಿದರು. ಒಂಟೆ ಕಡೆಯುವುದು ಕಷ್ಟವೆಂದು ಆನೆ ಕೊಟ್ಟರು. ಮಗುವಿಗೆ ಕಾಣಿಕೆ ತರುವ ನಮ್ಮ ಮೂವರು ಜ್ಞಾನಿಗಳು ಬೆತ್ಲೆಹೇಮಿಗೆ ಆನೆಯ ಮೇಲೆಯೇ ಬರುತ್ತಾರೆ.

ಈ ಸಲ ಪೆಟ್ಟಿಗೆ ಬಿಚ್ಚುವಾಗ ಎದುರು ಮನೆಯವರು ನೋಡಲು ಬಂದಿದ್ದರು. ರಾಮನಗರದ ನಮ್ಮ ಬೀದಿಗೆ ಹೊಸಬರು, ಎಲ್ಲದರ ಮೇಲೂ ಕುತೂಹಲ. ಆನೆಯನ್ನು ಎತ್ತಿ ನೋಡಿದರು, ಕುರುಬನನ್ನು ಎತ್ತಿ ನೋಡಿದರು. ಆಮೇಲೆ ಪೆಟ್ಟಿಗೆಯ ತಳದಿಂದ ಬೆರಳುದ್ದದ ಒಂದು ತಗಡನ್ನು ಎತ್ತಿದರು. ನಡುವಿನಲ್ಲಿ ಒಂದು ನಾಲಿಗೆ ಎದ್ದು ನಿಂತ, ತುಕ್ಕು ಹಿಡಿದ ತಗಡು.

"ಇದು ಸೊಳ್ಳೆಬತ್ತಿ ಸಿಗಿಸೋದಲ್ವಾ? ಇದೂ ಗೋದಲೀಲಿ ಬರ್ತದಾ?"

"ಅದು ನಮ್ಮ ಮೇಷ್ಟ್ರದ್ದು. ಅವರನ್ನೇ ಕೇಳಿ" ಎಂದು ಫಿಲೋಮಿನಾ ಒಳಗೆ ಹೋದಳು.

ಅವರು ನನ್ನ ಮುಖ ನೋಡಿದರು. ನಾನು ಕಾಫಿ ಬರುತ್ತದೆ ಎಂದೆ. ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳುತ್ತೇನೆ. ನಿಮಗಾದರೆ ನನ್ನ ಮುಖ ಕಾಣುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಸಾತನೂರಿನ ಹತ್ತಿರದ ಒಂದು ಹೈಸ್ಕೂಲಿಗೆ ಸಮಾಜ ವಿಜ್ಞಾನದ ಮೇಷ್ಟ್ರಾಗಿ ಹೋಗಿದ್ದೆ. ಕಾರ್ಖಾನೆಗಳು ಬಿಡದಿ, ಹಾರೋಹಳ್ಳಿ ಎಂದು ಒಂದೊಂದೇ ಊರು ದಾಟಿಕೊಂಡು ನಮ್ಮ ಕಡೆಗೂ ಬರುತ್ತಿದ್ದ ಕಾಲ. ರಾಗಿ ಹೊಲದ ನಡುವೆ ಸೈಟಿನ ಬೋರ್ಡು ಎದ್ದಿರುತ್ತಿತ್ತು. ಕನಕಪುರದ ಆಚೆ ಒಂದು ಗಾರ್ಮೆಂಟ್ಸ್ ಆಗಿತ್ತು. ಬೆಳಗ್ಗೆ ಆರೂವರೆಗೆ ಅದರ ಬಸ್ಸು ಅರಳಿಕಟ್ಟೆಯ ಹತ್ತಿರ ಬಂದು ಎರಡು ಸಲ ಹಾರನ್ ಹೊಡೆಯುತ್ತಿತ್ತು. ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡ ಹೆಣ್ಣುಮಕ್ಕಳು ಟಿಫನ್ ಡಬ್ಬಿ ಹಿಡಿದು ಓಡುತ್ತಿದ್ದರು. "ಕೈಗಾರಿಕಾ ಕ್ರಾಂತಿ ಎಲ್ಲಿ ಆಯಿತು?" ಎಂದು ತರಗತಿಯಲ್ಲಿ ಕೇಳಿದರೆ ಹಿಂದಿನ ಬೆಂಚಿನಿಂದ "ಹಾರೋಹಳ್ಳೀಲಿ ಸಾ" ಎಂಬ ಉತ್ತರ ಬರುತ್ತಿತ್ತು. ನಾನು ಅರ್ಧ ಅಂಕ ಕೊಟ್ಟಿದ್ದೂ ಉಂಟು.

ನಾವು ಬಾಡಿಗೆಗಿದ್ದದ್ದು ಚಿಕ್ಕತಾಯಮ್ಮ ಎಂಬುವರ ಮನೆಯಲ್ಲಿ. ಗಂಡ ತೀರಿಕೊಂಡಿದ್ದರು. ಮಗ ಹಾಲಿನ ವ್ಯಾನು ಓಡಿಸುತ್ತಿದ್ದ, ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಸೊಸೆ ರತ್ನ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಉದ್ದನೆಯ ಹೆಂಚಿನ ಮನೆ. ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾವು, ನಡುವೆ ರೇಷ್ಮೆಹುಳು ಸಾಕುವ ಹುಳುಮನೆ. ನಮಗೂ ಹುಳುಗಳಿಗೂ ನಡುವೆ ಒಂದೇ ಗೋಡೆ, ಅದೂ ಸೂರಿನವರೆಗೆ ಹೋಗಿರಲಿಲ್ಲ. ಆಳೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ಹೋಗಿ ಸಾಕೆಂದು ನಿಂತುಬಿಟ್ಟಿತ್ತು. ಗೋಡೆಯ ಮೇಲಿನಿಂದ "ಮೇಷ್ಟ್ರೇ, ಟೇಮೆಷ್ಟು?" ಎಂಬ ಪ್ರಶ್ನೆ ಬರುತ್ತಿತ್ತು, "ಐದೂವರೆ" ಎಂಬ ಉತ್ತರ ಹೋಗುತ್ತಿತ್ತು. ಹುಳುಗಳು ಸೊಪ್ಪು ತಿನ್ನುವ ಸದ್ದೂ ಅಲ್ಲಿಂದಲೇ ಬರುತ್ತಿತ್ತು. ಪರೀಕ್ಷೆಯ ಹಾಲಿನಲ್ಲಿ ನೂರು ಮಕ್ಕಳು ಒಟ್ಟಿಗೆ ಹಾಳೆ ತಿರುವಿದ ಹಾಗೆ, ಬಿಡುವಿಲ್ಲದ ಒಂದು ಸರಬರ. ನನಗೆ ಅದರಲ್ಲಿ ಒಳ್ಳೆಯ ನಿದ್ದೆ ಬರುತ್ತಿತ್ತು. ಪರೀಕ್ಷೆಯ ಹಾಲಿನಲ್ಲೂ ಬರುತ್ತಿತ್ತು ಬಿಡಿ.

ಮನೆಗೆ ಬಂದ ಮೊದಲ ಸಂಜೆ ಫಿಲೋಮಿನಾ ಬಸ್ಸಾರಿಗೆ ಒಗ್ಗರಣೆ ಹಾಕಿದಳು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಸಾಸಿವೆ. ಚುಂಯ್ ಎಂದದ್ದೇ ತಡ, ಚಿಕ್ಕತಾಯಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಓಡಿ ಬಂದರು.

"ಅಯ್ಯೋ ನಮ್ಮವ್ವ, ಹುಳ ಜ್ವರಕ್ಕೆ ಕುಂತವೆ ಕಣವ್ವಾ!"

ಜ್ವರ ಎಂದರೆ ಕಾಯಿಲೆಯಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ತಿನ್ನದೆ, ಅಲುಗಾಡದೆ, ತಲೆ ಎತ್ತಿ ಕೂತಿರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಇದನ್ನು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಹುಳುವಿಗೆ ಯಾವ ಘಾಟೂ ಆಗದು ಎಂದು ಚಿಕ್ಕತಾಯಮ್ಮ ನಂಬಿದ್ದರು. ಒಗ್ಗರಣೆ ಆಗದು, ಊದುಬತ್ತಿ ಆಗದು, ಬೀಡಿ ಆಗದು, ಸುಣ್ಣದ ವಾಸನೆ ಆಗದು. ಆದರೆ ಬಾಡಿಗೆಗೆ ಬಂದವರಿಗೆ ಒಗ್ಗರಣೆ ಹಾಕಬೇಡಿ ಎನ್ನಲು ಅವರಿಗೆ ಸಂಕೋಚ. "ಬ್ಯಾಡ ಅನ್ನಕ್ಕೆ ನಾನ್ಯಾರು, ನಿಮ್ಮ ಅಡುಗೆ ನಿಮ್ಮಿಷ್ಟ" ಎನ್ನುತ್ತ ನಿಂತೇ ಇದ್ದರು. ಫಿಲೋಮಿನಾ ಬಾಂಡ್ಲಿಗೆ ತಟ್ಟೆ ಮುಚ್ಚಿ, "ಎಷ್ಟು ದಿನ ಅಮ್ಮಾ?" ಎಂದಳು. ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ಇಪ್ಪತ್ತೆಂಟು ದಿನ. ಅವಳು ಒಗ್ಗರಣೆ ಸೌಟನ್ನು ತೊಳೆದು ಗೋಡೆಯ ಮೊಳೆಗೆ ನೇತುಹಾಕಿದಳು. ಮೇಲಿನ ಮೊಳೆಗೆ, ನನಗೆ ಸುಲಭವಾಗಿ ಎಟುಕದ ಹಾಗೆ.

ಇಲ್ಲಿ ನನ್ನ ನಾಲಿಗೆಯ ವಿಷಯ ಸ್ವಲ್ಪ ಹೇಳಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಸಂಜೆಯ ಜಪಸರ ತಪ್ಪುತ್ತಿರಲಿಲ್ಲ. ಅಪ್ಪ ಮುಂದೆ ಮೊಣಕಾಲೂರಿ ಶುರು ಮಾಡುತ್ತಿದ್ದರು, ನಾವು ಐದು ಮಕ್ಕಳು ಹಿಂದೆ ಸಾಲಾಗಿ. ಕೊನೆಯ ಹತ್ತು ಮಣಿ ಉಳಿದಾಗ ಅಮ್ಮ ಸದ್ದಿಲ್ಲದೆ ಎದ್ದು ಒಳಗೆ ಹೋಗುತ್ತಿದ್ದಳು. ಐದನೆಯ ಮಣಿಗೆ ಸರಿಯಾಗಿ ಒಳಗಿನಿಂದ ಚುಂಯ್. ಅಲ್ಲಿಂದ ನನ್ನ ಪ್ರಾರ್ಥನೆಗೆ ರೆಕ್ಕೆ ಬರುತ್ತಿತ್ತು. ಅಪ್ಪನಿಗಿಂತ ಮುಂಚೆ ಆಮೆನ್ ಹೇಳಿ ಎಷ್ಟು ಸಲ ಕಿವಿ ಹಿಂಡಿಸಿಕೊಂಡಿದ್ದೇನೋ. ಇವತ್ತಿಗೂ ಭಕ್ತಿ ಎಂದರೆ ನನ್ನ ಮೂಗಿಗೆ ಮೊದಲು ಬರುವುದು ಧೂಪವಲ್ಲ, ಕರಿದ ಬೆಳ್ಳುಳ್ಳಿ. ಇಂಥವನಿಗೆ ಇಪ್ಪತ್ತೆಂಟು ದಿನ ಬೇಯಿಸಿದ್ದು, ಬಸಿದದ್ದು, ಹಸಿ ಈರುಳ್ಳಿ.

ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಸಿದ್ದರಾಜು ನನ್ನ ವಯಸ್ಸಿನವನೇ, ಗೆಳೆಯ. ಅವನ ಮನೆಯಲ್ಲೂ ಹುಳು ಸಾಕುತ್ತಿದ್ದರು. ಒಗ್ಗರಣೆಯ ವಾಸನೆಗೆ ಹುಳು ಸಾಯುತ್ತದೆಯೇ ಎಂದು ಅವನನ್ನು ಕೇಳಿದೆ. "ನಮ್ಮವ್ವನೂ ಹಂಗೇ ಅಂತಾಳೆ. ಒಗ್ಗರಣೆಗೆ ಸತ್ತ ಹುಳನ ನಾನಂತೂ ಕಂಡಿಲ್ಲ ಕಣ್ಲಾ" ಎಂದ. ನಾನು ಈ ವೈಜ್ಞಾನಿಕ ಸತ್ಯವನ್ನು ಹೊತ್ತುಕೊಂಡು ಮನೆಗೆ ಓಡಿ ಬಂದೆ. ಫಿಲೋಮಿನಾ ಅವರೆಕಾಳು ಸುಲಿಯುತ್ತಿದ್ದಳು.

"ಹುಳಕ್ಕೆ ಏನೂ ಆಗದೆ ಇರಬೌದು. ಚಿಕ್ಕತಾಯಮ್ಮಂಗೆ ಆಗ್ತದಲ್ಲ?" ಎಂದಳು.

ಇವಳಿಗೆ ಇದೆಲ್ಲ ಎಲ್ಲಿಂದ ಹೊಳೆಯುತ್ತದೆ ಎಂಬ ಪ್ರಶ್ನೆ ನನಗೆ ಆಗಲೂ ಇತ್ತು, ಇವತ್ತೂ ಇದೆ. ಉಪದೇಶಿಯ ಮಗ ನಾನು. ಭಾನುವಾರ ಕನಕಪುರದ ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದವನೂ ನಾನೇ. ನೆರೆಯವರನ್ನು ಪ್ರೀತಿಸುವ ಪಾಠವನ್ನು ಉದಾಹರಣೆ ಸಮೇತ ಮುಕ್ಕಾಲು ಗಂಟೆ ಹೇಳಬಲ್ಲೆ. ಫಿಲೋಮಿನಾ ಧರ್ಮಪಾಠದ ತರಗತಿಯಲ್ಲಿ ಹಿಂದೆ ಕೂತು ಹೂ ಕಟ್ಟುತ್ತಿದ್ದವಳು ಎಂದು ಅವಳ ಅಣ್ಣನೇ ಹೇಳಿದ್ದಾನೆ. ಆದರೂ ಪಾಠ ಅವಳಿಗೇ ಹೋಗಿ ಸೇರಿತ್ತು.

ನಾನೋ, ಆ ಉಪವಾಸವನ್ನೂ ಲಾಭಕ್ಕೆ ತಿರುಗಿಸಿದೆ. ಎರಡನೆಯ ಬೆಳೆಯ ಹುಳು ಬಂದಾಗ ನಮ್ಮ ತಪಸ್ಸು ಕಾಲ ನಡೆದಿತ್ತು. ಈಸ್ಟರಿಗೆ ಮುಂಚಿನ ನಲವತ್ತು ದಿನ ಇಷ್ಟವಾದದ್ದೇನನ್ನಾದರೂ ಬಿಡುವ ಕಾಲ. ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಸಿಗರೇಟು. "ಈ ವರ್ಷ ನಾನು ಒಗ್ಗರಣೆ ಬಿಟ್ಟಿದ್ದೇನೆ" ಎಂದು ಮಕ್ಕಳಿಗೆ ಹೇಳಿದೆ. ಮಕ್ಕಳು ಫಾದರಿಗೆ ಹೇಳಿದರು. ಫಾದರ್ ಬೆನ್ನು ತಟ್ಟಿದರು. ನಾನು ತಲೆ ತಗ್ಗಿಸಿ ಆ ತಟ್ಟುವಿಕೆಯನ್ನು ಸ್ವೀಕರಿಸಿದೆ. ಅದೇ ವಾರ ಚಿಕ್ಕತಾಯಮ್ಮ ಜಗಲಿಯ ಮೇಲೆ ಫಿಲೋಮಿನಾಳನ್ನು ಕೇಳುವುದು ನನ್ನ ಕಿವಿಗೆ ಬಿತ್ತು. ಅವರ ಬಾಯಲ್ಲಿ ಫಿಲೋಮಿನಾ ಪಿಲ್ಲಮ್ಮ ಆಗಿದ್ದಳು.

"ಅಲ್ಲಾ ಪಿಲ್ಲಮ್ಮ, ಮೇಷ್ಟ್ರು ನಮ್ಮ ದೇವರಿಗೋಸ್ಕರ ಒಗ್ಗರಣೆ ಬುಟ್ಟಿವ್ನಿ ಅಂತ ಯೋಳ್ಕಂಡು ತಿರುಗ್ತಾವ್ರಂತೆ. ದಿಟವಾ?"

"ಅವರು ಏನಾದ್ರೂ ಅನ್ನಲಿ ಅಮ್ಮ. ನಾನು ಬುಟ್ಟಿರದು ನಿಮ್ಮ ಹುಳಕ್ಕೆ" ಎಂದಳು ಇವಳು.

ಇನ್ನು ತಗಡಿನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಬರದೆ ಸುತ್ತಾಡಿದ್ದು ನಿಮಗೆ ಗೊತ್ತಾಗಿರಬಹುದು.

ಆ ಬೆಳೆಯ ಹುಳು ನಾಲ್ಕನೆಯ ಜ್ವರದಿಂದ ಎದ್ದು ಹೊಟ್ಟೆಬಾಕರ ಹಾಗೆ ತಿನ್ನುತ್ತಿದ್ದ ದಿನಗಳು. ಫಿಲೋಮಿನಾಳ ತಾಯಿಗೆ ಮೊಣಕಾಲು ನೋವೆಂದು ಅವಳು ಶುಕ್ರವಾರ ಚನ್ನಪಟ್ಟಣಕ್ಕೆ ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಒಗ್ಗರಣೆ ಹಾಕಬೇಡಿ" ಎಂದಳು. ಶನಿವಾರ ಬೆಳಗ್ಗೆ ಚಿಕ್ಕತಾಯಮ್ಮ ಬೆಳೆ ಚೆನ್ನಾಗಿ ಕೈಗೆ ಬರಲೆಂದು ಕೆಂಗಲ್ ಹನುಮಂತರಾಯನಿಗೆ ಕೈಮುಗಿಯಲು ಹೋದರು. ಸಂಜೆ ಆರು ಗಂಟೆಗೆ ನಾನು ಉತ್ತರಪತ್ರಿಕೆ ಹರಡಿಕೊಂಡು ಕೂತೆ. ಸೊಳ್ಳೆಗಳು ಕಾಲಿಗೆ ಮುತ್ತಿಕೊಂಡವು. ಪಟಪಟ ಹೊಡೆದುಕೊಂಡೆ, ಲುಂಗಿ ಎಳೆದುಕೊಂಡೆ, ಕೊನೆಗೆ ಅಂಗಡಿಗೆ ಹೋಗಿ ಹಸಿರು ಸೊಳ್ಳೆಬತ್ತಿಯ ಪ್ಯಾಕೆಟ್ ತಂದೆ. ಸುರುಳಿಯ ನಡುವೆ ತಗಡಿನ ನಾಲಿಗೆ ಸಿಗಿಸಿ ಹಚ್ಚಿದೆ. ಒಗ್ಗರಣೆಯ ಯೋಚನೆ ನನಗಿತ್ತು. ನಾಲಿಗೆ ಕಡಿಯುತ್ತಿದ್ದರೂ ಸೌಟು ಮುಟ್ಟಲಿಲ್ಲವಲ್ಲ ಎಂಬ ಹೆಮ್ಮೆಯೂ ಇತ್ತು. ಸೊಳ್ಳೆಬತ್ತಿ ಹಚ್ಚಬೇಡಿ ಎಂದು ಯಾರೂ ಹೇಳಿರಲಿಲ್ಲ.

ಏಳು ಗಂಟೆಗೆ ಗಾರ್ಮೆಂಟ್ಸ್ ಬಸ್ಸು ಬಂತು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ರತ್ನಳ ಹೆಜ್ಜೆ ಕೇಳಿಸಿತು. ಸೊಪ್ಪು ಹಾಕಲು ಬಂದಿದ್ದಳು. ಹೆಜ್ಜೆ ನಡುವೆ ನಿಂತಿತು, ಆಮೇಲೆ ಕಿಟಕಿಯ ಬಾಗಿಲು ಕಿರ್ ಎಂದಿತು. ದಣಿದಿದ್ದಾಳೆ, ಗಾಳಿ ಬೇಕಾಗಿರಬೇಕು ಎಂದುಕೊಂಡು ನಾನು ಇನ್ನೊಂದು ಪತ್ರಿಕೆ ತೆಗೆದುಕೊಂಡೆ.

ಮಾರನೆಯ ದಿನ ಭಾನುವಾರ. ಬೆಳಗ್ಗೆಯೇ ಎದ್ದು ಕನಕಪುರಕ್ಕೆ ಹೋದೆ, ಪೂಜೆ ಮುಗಿಸಿದೆ, ಮಕ್ಕಳಿಗೆ ಪಾಠ ಹೇಳಿದೆ. ಯಾವ ಪಾಠ ಎಂದು ಕೇಳಬೇಡಿ. ಮಧ್ಯಾಹ್ನ ಮನೆಗೆ ಬಂದರೆ ಹುಳುಮನೆಯ ಬಾಗಿಲಲ್ಲಿ ಹುಳು ಸಾಕುವ ತಟ್ಟೆಗಳು ಹೊರಗೆ ಬಂದಿದ್ದವು. ನಮ್ಮ ಗೋಡೆಯ ಕಡೆಗಿದ್ದ ತಟ್ಟೆಗಳು. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ, ಹಸಿರು ರಸ ಕಕ್ಕುತ್ತ, ಮೈ ಮುದುಡಿಕೊಳ್ಳುತ್ತಿದ್ದವು. ಆಗಲೇ ಸತ್ತವು ಒಂದು ಕಡೆ ರಾಶಿಯಾಗಿದ್ದವು. ರಾತ್ರಿ ಕೆಂಗಲ್ಲಿನಿಂದ ಬಂದಿದ್ದ ಚಿಕ್ಕತಾಯಮ್ಮನ ಹಣೆಯ ಮೇಲೆ ಹನುಮಂತರಾಯನ ಸಿಂಧೂರ ಇನ್ನೂ ಇತ್ತು. ಅಕ್ಕಪಕ್ಕದವರೆಲ್ಲ ನೋಡಲು ಸೇರಿದ್ದರು. ರತ್ನ ಕಂಬಕ್ಕೆ ಒರಗಿ ನಿಂತಿದ್ದಳು.

"ನಿನ್ನೆ ಗೋಡೆ ಕಡೆ ತಟ್ಟೆಗೆ ಸೊಪ್ಪಾಕಿದ್ದು ನೀನೇ ತಾನೆ? ಮೈಯೆಲ್ಲ ಫ್ಯಾಕ್ಟ್ರಿ ವಾಸ್ನೆ ಮೆತ್ಕಂಡು ಬಂದು ಹಂಗೇ ಒಳಕ್ಕೆ ನುಗ್ದಾ?"

"ಕೈಕಾಲು ತೊಳ್ಕಂಡೇ ಹೋದೆ ಅತ್ತೆ. ಸೀರೆನೂ ಬದಲಾಯಿಸ್ದೆ."

"ತೊಳುದ್ರೆ ಹೋದದಾ ಆ ವಾಸ್ನೆ? ಆ ಬಟ್ಟೆ ಧೂಳು, ಆ ಎಣ್ಣೆ! ಸಾಕು ಬುಡು. ನಾಳಿಂದ ಬಸ್ಸು ಬಂದ್ರೆ ಬರಲಿ, ಹೋದ್ರೆ ಹೋಗ್ಲಿ. ನೀನು ಮನೇಲಿರು."

ರತ್ನ ಸತ್ತ ಹುಳುಗಳನ್ನು ಮೊರಕ್ಕೆ ತುಂಬತೊಡಗಿದಳು. ಅವಳು ಒಂದು ವರ್ಷ ಹೆಲ್ಪರ್ ಆಗಿ ದಾರ ಕತ್ತರಿಸಿ, ಆ ತಿಂಗಳಷ್ಟೇ ಹೊಲಿಗೆ ಮಿಷಿನ್ನಿನ ಮೇಲೆ ಕೂತಿದ್ದಳು. ಅವತ್ತು ನಮ್ಮ ಮನೆಗೆ ಬಂದು ಫಿಲೋಮಿನಾಳ ಕೈಗೆ ಸಕ್ಕರೆ ಹಾಕಿ, "ಅಕ್ಕಾ, ಕಾಲರ್ ಕೊಟ್ಟವ್ರೆ, ಕಾಲರ್ ಕಷ್ಟ, ಎಲ್ಲಾರ್ಗೂ ಕೊಡಲ್ಲ" ಎಂದು ಹೇಳಿ ಹೋಗಿದ್ದಳು. ಹೇಳದೆ ಮೂರು ದಿನ ತಪ್ಪಿಸಿಕೊಂಡರೆ ಮಿಷಿನ್ ಬೇರೆಯವರಿಗೆ. ಆ ಕಟ್ಟಳೆಯನ್ನೂ ಅವಳೇ ಹೇಳಿದ್ದಳು. ನಾನು ಚಿಕ್ಕತಾಯಮ್ಮನಿಗೆ ಎರಡು ಸಮಾಧಾನದ ಮಾತು ಹೇಳಿ, ಹುಳುಗಳಿಗಾಗಿ ಮರುಗಿ, ಒಳಗೆ ಹೋಗಿ ಊಟ ಮಾಡಿದೆ.

ಸೋಮವಾರ ಬಸ್ಸು ಎರಡು ಸಲ ಹಾರನ್ ಹೊಡೆಯಿತು. ಸ್ವಲ್ಪ ಕಾಯಿತು. ಇನ್ನೊಂದು ಸಲ ಹೊಡೆದು ಹೋಯಿತು.

ಅವತ್ತು ಸ್ಟಾಫ್ ರೂಮಿನಲ್ಲಿ ಸಿದ್ದರಾಜುವಿಗೆ ಸುದ್ದಿ ಹೇಳಿದೆ. ಕುತೂಹಲ ನೋಡಿ, ಫ್ಯಾಕ್ಟರಿಯ ವಾಸನೆಗೆ ಹುಳು ಸಾಯುವುದು ಸಾಧ್ಯವೇ ಎಂಬ ಕುತೂಹಲ. ಅವನು ಹಸಿರು ಕಕ್ಕಿದವೇ, ತಲೆ ಆಡಿಸುತ್ತಿದ್ದವೇ ಎಂದೆಲ್ಲ ಕೇಳಿದ.

"ಲೇ, ಅಕ್ಕಪಕ್ಕ ಯಾರಾದ್ರೂ ಸೊಳ್ಳೆಬತ್ತಿ ಗಿತ್ತಿ ಹಚ್ಚಿದ್ರೇನ್ಲಾ?"

"ಹಚ್ಚಿದ್ರೆ ಏನಾಯ್ತದೆ?"

"ಏನಾಯ್ತದೆ ಅಂತ ಕೇಳ್ತೀಯಲ್ಲ! ಸೊಳ್ಳೆ ಸಾಯೋ ಹೊಗೇಲಿ ರೇಷ್ಮೆಹುಳ ಬದುಕ್ತದೇನ್ಲಾ? ಒಗ್ಗರಣೆ ಬ್ಯಾಡ ಅಂದೋರು ಅದನ್ನ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಆ ಮನೆಯಲ್ಲಿ ಯಾರೂ ಸೊಳ್ಳೆಬತ್ತಿ ಕಂಡವರಲ್ಲ. ಸಂಜೆಯಾದರೆ ಕಂಬಳಿ ಹೊದ್ದು ಮಲಗುವವರು. ಹೇಳುವುದಕ್ಕೆ ಅವರಿಗೇ ಗೊತ್ತಿರಬೇಕಲ್ಲ? ಈ ವಾದವನ್ನು ಮನೆಯವರೆಗಿನ ದಾರಿಯುದ್ದಕ್ಕೂ ನಾನು ನನ್ನೆದುರೇ ಮಂಡಿಸಿದೆ. ಗೆದ್ದೆ ಕೂಡ. ಮನೆಗೆ ಬಂದು ಉಳಿದ ಬತ್ತಿಗಳನ್ನು ಮುರಿದು ತಿಪ್ಪೆಗೆ ಹಾಕಿ, ತಗಡನ್ನು ಅಕ್ಕಿಯ ಡ್ರಮ್ಮಿನ ಹಿಂದಕ್ಕೆ ತಳ್ಳಿದೆ. ಗೆದ್ದವನು ಹೀಗೆಲ್ಲ ಮಾಡುವುದಿಲ್ಲ ಎಂದು ನನಗೂ ಗೊತ್ತಿತ್ತು. ಹೇಳಿದರೆ ಮನೆ ಬಿಡಿಸಿಯಾರು, ಹೈಸ್ಕೂಲಿನ ಮಕ್ಕಳು ನಕ್ಕಾರು, ಊರಲ್ಲೆಲ್ಲ ಹುಳ ಸಾಯಿಸಿದ ಮೇಷ್ಟ್ರು ಎಂದಾರು. ಬೇರೆ ದಾರಿಗಳನ್ನು ಹುಡುಕಿದೆ. ಗಾರ್ಮೆಂಟ್ಸಿನವರಿಗೆ ನಾನೇ ಒಂದು ಕಾಗದ ಬರೆದರೆ? ಫ್ಯಾಕ್ಟರಿಯ ವಾಸನೆಯಿಂದ ಹುಳು ಸಾಯುವುದಿಲ್ಲ ಎಂದು ಸಿದ್ದರಾಜುವಿನ ಬಾಯಿಂದ ಚಿಕ್ಕತಾಯಮ್ಮನಿಗೆ ಹೇಳಿಸಿದರೆ? ಸತ್ಯ ಹೇಳುವುದೊಂದನ್ನು ಬಿಟ್ಟು ಉಳಿದ ಉಪಾಯಗಳೆಲ್ಲ ತುಂಬ ಚೆನ್ನಾಗಿ ಹೊಳೆದವು. ಗೋಡೆಯ ಆಚೆ ರತ್ನ ಬೆಳಗಿನಿಂದ ಸಂಜೆಯವರೆಗೆ ಸೊಪ್ಪು ಕತ್ತರಿಸುವ ಸದ್ದು ಬರುತ್ತಿತ್ತು. ಅವಳು ಅಳುತ್ತಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಮಂಗಳವಾರವೂ ಬಸ್ಸು ಬಂತು. ಈ ಸಲ ಒಂದೇ ಹಾರನ್.

ಸಂಜೆ ಫಿಲೋಮಿನಾ ಬಂದಳು. ಚೀಲ ಇಳಿಸುವ ಮೊದಲೇ ಚಿಕ್ಕತಾಯಮ್ಮನ ಕಡೆ ಹೋಗಿ ಸುದ್ದಿಯೆಲ್ಲ ಕೇಳಿಕೊಂಡು ಬಂದಳು. ಆಮೇಲೆ ಅಕ್ಕಿ ತೆಗೆಯಲು ಡ್ರಮ್ಮಿನ ಹತ್ತಿರ ಹೋದಳು. ಅಲ್ಲಿ ತುಂಬ ಹೊತ್ತು ಬಗ್ಗಿ ನಿಂತಿದ್ದಳು. ನಾನು ಪೇಪರ್ ಓದುತ್ತಿದ್ದೆ. ನಿಜ ಹೇಳಬೇಕೆಂದರೆ ಪೇಪರ್ ಹಿಡಿದಿದ್ದೆ. ಅವಳು ನನಗೆ ತಟ್ಟೆ ಹಾಕಿದಳು, ಅನ್ನ ಬಡಿಸಿದಳು, ಬೇಯಿಸಿದ ಕಾಳು ಬಡಿಸಿದಳು. ಉಪ್ಪಿನಕಾಯಿ ಇಡುವ ಜಾಗದಲ್ಲಿ ಆ ತಗಡನ್ನಿಟ್ಟಳು. ಅದರ ನಾಲಿಗೆಯ ಬುಡದಲ್ಲಿ ಇನ್ನೂ ಬೂದಿ ಅಂಟಿಕೊಂಡಿತ್ತು.

"ನಾಳೆ ಮೂರನೇ ದಿನ" ಎಂದಳು.

"ನೀನೇ ಒಂದು ಮಾತು ಹೇಳಿಬಿಟ್ಟರೆ? ಅವರಿಗೆ ನಿನ್ನನ್ನು ಕಂಡರೆ ಇಷ್ಟ."

"ನಾನು ಹಚ್ಚಿದ್ನಾ?"

ಅಷ್ಟೇ ಮಾತು. ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಬಚಾವಾಗುತ್ತಿದ್ದೆ. ತಟ್ಟೆಗೆ ಕೈ ಹಾಕದೆ ಎದ್ದೆ. ತಗಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟೆ. ಇಪ್ಪತ್ತು ಹೆಜ್ಜೆಯ ದಾರಿ. ನಡುವೆ ಎರಡು ಸಲ ಚಪ್ಪಲಿ ಸರಿಮಾಡಿಕೊಂಡೆ.

ಚಿಕ್ಕತಾಯಮ್ಮ ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಿದ್ದರು. ರತ್ನ ಒಳಗೆ ಒಲೆಯ ಮುಂದಿದ್ದಳು. ನಾನು ತಗಡನ್ನು ಅವರ ಮುಂದಿಟ್ಟು, ಶನಿವಾರ ಸಂಜೆ ನಾನು ಸೊಳ್ಳೆಬತ್ತಿ ಹಚ್ಚಿದ್ದೆ, ಹುಳು ಸತ್ತದ್ದು ಅದರ ಹೊಗೆಗೆ, ರತ್ನಳಿಂದಲ್ಲ ಎಂದೆ. ತಿಳಿಯದೆ ಆಯಿತು ಎಂದೆ. ನಿನ್ನೆಯೇ ತಿಳಿಯಿತು, ಹೇಳಲು ಧೈರ್ಯವಾಗಲಿಲ್ಲ ಎಂಬುದನ್ನೂ ಹೇಳಿದೆ. ಚಿಕ್ಕತಾಯಮ್ಮ ತಗಡನ್ನು ಎತ್ತಿ, ತಿರುಗಿಸಿ ನೋಡಿ, ಮೂಸಿ ನೋಡಿದರು.

"ಹುಳ ಹೋದ್ರೆ ಇನ್ನೊಂದು ಬೆಳೆ ಬತ್ತದೆ ಮೇಷ್ಟ್ರೇ. ಆ ಹೆಣ್ಣನ್ನ ಅಷ್ಟು ಜನದ ಮುಂದೆ ಅಂದ್ಬುಟ್ನಲ್ಲ, ಅದನ್ನ ಯಾವ ಬಾಯಲ್ಲಿ ವಾಪಸ್ ತಕಳ್ಳಿ? ನಿನ್ನೆನೇ ಒಂದು ಮಾತು ಯೋಳಕ್ಕೆ ಏನಾಗಿತ್ತು ನಿಮ್ಗೆ? ಓದ್ದೋರು ನೀವು."

ಅವರು ತಗಡನ್ನು ನನ್ನ ಕಡೆ ತಳ್ಳಿ ಒಳಗೆ ಹೋದರು. ಕ್ಷಮಿಸಿದೆ ಎನ್ನಲಿಲ್ಲ, ಮನೆ ಬಿಡಿ ಎಂದೂ ಅನ್ನಲಿಲ್ಲ.

ಬುಧವಾರ ಆರು ಗಂಟೆಗೇ ನಾವಿಬ್ಬರೂ ಬಾಗಿಲಲ್ಲಿದ್ದೆವು. ಬಸ್ಸು ಬಂತು, ಹಾರನ್ ಹೊಡೆಯಲಿಲ್ಲ. ಆ ಮನೆಯವರು ಬರುವುದಿಲ್ಲವೆಂದು ಡ್ರೈವರಿಗೆ ಖಾತ್ರಿಯಾಗಿರಬೇಕು, ಹೊರಡುವುದರಲ್ಲಿದ್ದ. ಚಿಕ್ಕತಾಯಮ್ಮ ಒಂದು ಕೈಯಲ್ಲಿ ಟಿಫನ್ ಡಬ್ಬಿ, ಇನ್ನೊಂದರಲ್ಲಿ ಗುರುತಿನ ಕಾರ್ಡು ಹಿಡಿದು, "ನಿಲ್ಸಪ್ಪೋ! ನಿಲ್ಸೋ!" ಎಂದು ಅರಳಿಕಟ್ಟೆಯವರೆಗೆ ಓಡಿದರು. ಹಿಂದೆ ರತ್ನ ಜಡೆ ಹೆಣೆದುಕೊಳ್ಳುತ್ತ ಓಡಿದಳು. ಬಸ್ಸಿನ ಹೆಣ್ಣುಮಕ್ಕಳೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಚಿಕ್ಕತಾಯಮ್ಮ, "ಇವಳದೇನೂ ತಪ್ಪಿಲ್ಲ ಕಣ್ರವ್ವಾ, ತಪ್ಪು ನಂದು, ಸೂಪರ್ವೈಜರ್‌ಗೆ ಹಂಗೇ ಯೋಳಿ" ಎಂದರು. ಸೊಸೆಯ ಕೊರಳಿಗೆ ಕಾರ್ಡನ್ನು ತಾವೇ ಹಾಕಿದರು. ನಾನು ಎರಡು ದಿನ ಹುಡುಕಿದ ಬಾಯಿ ಅವರಿಗೆ ಒಂದೇ ಬೆಳಗಿನಲ್ಲಿ ಸಿಕ್ಕಿತ್ತು. ಮಿಷಿನ್ ಉಳಿಯಿತು. ಸಂಜೆ ಬಸ್ಸಿಳಿದವಳು ದೂರದಿಂದಲೇ ಫಿಲೋಮಿನಾಳಿಗೆ ಕೈಯಾಡಿಸಿದಳು.

ಸೊಪ್ಪು ಹಾಕಲು ಹಗಲು ಕೈ ಸಾಲದಾಯಿತು. ಆ ಕೆಲಸಕ್ಕೆ ನಾನು ಸೇರಿಕೊಂಡೆ. ಯಾರೂ ಕರೆಯಲಿಲ್ಲ, ಬೆಳಗ್ಗೆ ಹೋಗಿ ನಿಂತೆ. ಚಿಕ್ಕತಾಯಮ್ಮ ಒಳಗೆ ಬಿಡುವ ಮೊದಲು ನನ್ನ ಎರಡೂ ಕೈ ಹಿಡಿದು ಮೂಸುತ್ತಿದ್ದರು. ಪೌಡರ್ ಹಾಕಿದ್ದರೆ ವಾಪಸ್, ತಲೆಗೆ ಎಣ್ಣೆ ಹಚ್ಚಿದ್ದರೆ ವಾಪಸ್. ಒಂದು ವಾರ ನಾನು ಯಾವ ಅಲಂಕಾರವೂ ಇಲ್ಲದೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು, ನನ್ನದೇ ವಿದ್ಯಾರ್ಥಿಗಳ ಮುಂದೆ ಹಾದುಹೋದೆ. ನನ್ನ ಜೊತೆ ಮಾತನಾಡದೆ ಸೊಪ್ಪಿನ ಅಳತೆಯನ್ನು ಕೈಸನ್ನೆಯಲ್ಲೇ ತೋರಿಸುತ್ತಿದ್ದ ಚಿಕ್ಕತಾಯಮ್ಮ ಐದನೆಯ ದಿನ, "ಒಸಿ ಸಣ್ಣಗೆ ಕತ್ತರಿಸಿ ಮೇಷ್ಟ್ರೇ" ಎಂದರು. ನನಗೆ ಆದ ಸಂತೋಷ ಹೇಳಲಾರೆ. ಫಾದರ್ ಬೆನ್ನು ತಟ್ಟಿದಾಗಲೂ ಅಷ್ಟಾಗಿರಲಿಲ್ಲ.

ತಗಡನ್ನು ನಾನು ಎಸೆಯಬೇಕೆಂದಿದ್ದೆ. ಫಿಲೋಮಿನಾ ಎತ್ತಿಟ್ಟಳು. ಅದು ಗೋದಲಿಯ ಪೆಟ್ಟಿಗೆಗೆ ಹೋದದ್ದು ಆ ಡಿಸೆಂಬರಿನಲ್ಲಿ ನನಗೆ ತಿಳಿಯಿತು. ಯಾಕೆ ಎಂದದ್ದಕ್ಕೆ, "ಅಲ್ಲಿ ಎಲ್ಲಾರೂ ಏನಾದ್ರೂ ತಕಂಡು ಬಂದವ್ರೆ, ನಿಮ್ದೂ ಒಂದು ಇರ್ಲಿ" ಎಂದಳು.

ಇನ್ನೊಂದು ಸಂಗತಿ ಉಳಿಯಿತು. ಬದುಕಿದ ಹುಳುಗಳು ಹಣ್ಣಾಗಿ, ಅಂದರೆ ಮೈ ಬಲಿತು, ಗೂಡು ಕಟ್ಟಿದವು. ಒಂದು ಭಾನುವಾರ ಮಧ್ಯಾಹ್ನ ಮನೆಯ ಮುಂದೆ ಹುಳುಗಳು ಗೂಡು ಕಟ್ಟಿದ ಬಿದಿರಿನ ತಟ್ಟೆಗಳನ್ನು, ಅಂದರೆ ಚಂದ್ರಿಕೆಗಳನ್ನು, ಒರಗಿಸಿಕೊಂಡು ಎಲ್ಲರೂ ಗೂಡು ಬಿಡಿಸಲು ಕೂತಿದ್ದೆವು. ಚಿಕ್ಕತಾಯಮ್ಮ, ಫಿಲೋಮಿನಾ ಆ ಕಡೆ. ರತ್ನ, ನಾನು ಈ ಕಡೆ. ಅವಳ ಬೆರಳು ಓಡುತ್ತಿತ್ತು, ನಾನು ಒಂದೊಂದನ್ನೇ ಕೀಳುತ್ತಿದ್ದೆ. ಅವಳ ಹತ್ತಿರ ನಾನು ನೇರವಾಗಿ ಕ್ಷಮೆ ಕೇಳಿರಲಿಲ್ಲ. ಧೈರ್ಯ ತಂದುಕೊಂಡು, "ರತ್ನಾ, ಎರಡು ದಿನ ನಿನ್ನ ಮೇಲೆ ಬಂದ ಮಾತನ್ನು ನಾನು ಕೇಳಿಕೊಂಡು ಸುಮ್ಮನಿದ್ದೆ. ತಪ್ಪಾಯಿತು" ಎಂದೆ.

"ಬುಡಿ ಸಾ. ನಂಗೆ ಭಾನುವಾರವೇ ಗೊತ್ತಿತ್ತು."

ನನ್ನ ಕೈ ನಿಂತಿತು. "ಏನು ಗೊತ್ತಿತ್ತು?"

"ಶನಿವಾರ ಸೊಪ್ಪಾಕಕ್ಕೆ ಹೋದಾಗ ವಾಸ್ನೆ ಬಂತು. ನಮ್ಮ ಫ್ಯಾಕ್ಟ್ರೀಲಿ ವಾಚ್‌ಮನ್ ಹಚ್ಕತಾನೆ, ಅದೇ ವಾಸ್ನೆ. ಕಿಟಕಿ ತೆಗ್ದೆ, ಹೋಯ್ತದೆ ಅನ್ಕಂಡೆ. ಬೆಳಿಗ್ಗೆ ಹುಳ ಕಂಡಾಗ ಗೊತ್ತಾಯ್ತು, ಅದ್ರಿಂದ್ಲೇ ಅಂತ."

"ಮತ್ತೆ ಯಾಕೆ ಹೇಳಲಿಲ್ಲ? ನಿನ್ನ ಮಿಷಿನ್ ಹೋಗುತ್ತಿತ್ತಲ್ಲ!"

ಅವಳು ಆ ಕಡೆ ಕೂತಿದ್ದ ಫಿಲೋಮಿನಾಳನ್ನು ಒಮ್ಮೆ ನೋಡಿದಳು.

"ಅಕ್ಕ ನಮ್ಮ ಹುಳಕ್ಕೋಸ್ಕರ ಇಪ್ಪತ್ತು ದಿವಸದಿಂದ ಒಗ್ಗರಣೆ ಹಾಕಿರ್ನಿಲ್ಲ ಸಾ. ಅವರ ಮನೆಯಿಂದ್ಲೇ ಹಿಂಗಾಯ್ತು ಅಂತ ನಾನು ಹೆಂಗೆ ಬಾಯಿ ಬುಡ್ಲಿ?"

ಮಗ್ಗುಲಿನ ಬುಟ್ಟಿಗೆ ಒಂದು ಹಿಡಿ ಗೂಡು ಹಾಕಿ, ನನ್ನ ಚಂದ್ರಿಕೆಯ ಕಡೆ ಬಗ್ಗಿ ನೋಡಿ, "ಆ ಮೂಲೇಲಿ ನಾಕು ಹಂಗೇ ಬುಟ್ಟಿದ್ದೀರಿ, ನೋಡಿ" ಎಂದಳು.

ಮಕ್ಕಳಿಗೆ ನೆರೆಯವರ ಪ್ರೀತಿಯ ಪಾಠ ಹೇಳುತ್ತಿದ್ದ ನಾನು ತಲೆ ಬಗ್ಗಿಸಿ, ಬಿಟ್ಟುಹೋಗಿದ್ದ ಆ ನಾಲ್ಕು ಗೂಡುಗಳನ್ನು ಅವಳು ತೋರಿಸಿದ ಹಾಗೆಯೇ ಬಿಡಿಸಿದೆ.